ಸರ್ವರಿನ ಡೇಟಾ ಡಿಸ್ಕ್ ತುಂಬಿದ್ರೆ: ಇದ್ದದ್ದನ್ನೇ ಬೆಳೆಸೋದಾ, ಹೊಸದು ಸೇರಿಸೋದಾ?

ಮಾರ್ಚ್ ತಿಂಗಳು, ಬೆಳಿಗ್ಗೆ ಹತ್ತೂವರೆ ಇರ್ಬೇಕು. ಶಿರಸಿಯ ಒಂದು ಅಡಿಕೆ ವ್ಯಾಪಾರದ ಆಫೀಸಿಂದ ಫೋನು, ಲೆಕ್ಕ ಬರೆಯೋ ಹಿರಿಯರು, ನನ್ನ ಸಣ್ಣವನಿದ್ದಾಗಿಂದ ನೋಡಿದವರು. "ತಮಾ, ಬಿಲ್ ಹೊಡೀತಾ ಇದ್ದಾಂಗೇ ನಿಂತೋತು, ಎಂತಾ ಮಾಡವು?" ಅಂದ್ರು. ಹಿಂದಿನಿಂದ ಚೀಲ ಎಣಿಸೋ ಸದ್ದು ಕೇಳ್ತಾ ಇತ್ತು. ರಾಶಿ ಅಡಿಕೆ ತೂಕ ಆಗಿದೆ, ಬೆಳೆಗಾರರು ದುಡ್ಡಿಗೆ ಕಾಯ್ತಾ ಕೂತಿದ್ದಾರೆ, ಸಾಫ್ಟ್‌ವೇರ್ ಮಾತ್ರ ಸೇವ್ ಮಾಡ್ಲಿಕ್ಕೆ ಒಪ್ತಾ ಇಲ್ಲ. ನಾನು ಮನೆಯಿಂದ್ಲೇ ಲಾಗಿನ್ ಆಗಿ ಡಿಎಫ್ ಮೈನಸ್ ಎಚ್ (ಡಿಸ್ಕಲ್ಲಿ ಎಷ್ಟು ಜಾಗ ತುಂಬಿದೆ ಅಂತ ತೋರಿಸೋ ಕಮಾಂಡು) ಹೊಡೆದೆ. 300 ಜಿಬಿ ಡೇಟಾ ಡಿಸ್ಕು, ಯೂಸ್ ಕಾಲಮ್ಮಲ್ಲಿ 100%, ಅವೈಲಬಲ್ ಅನ್ನೋ ಕಡೆ ಸೊನ್ನೆ.

ಶಿರಸಿ, ಕುಮಟಾ, ಹೊನ್ನಾವರ, ಕಾರವಾರ ಅಂತ ಈ ಸಾಲಿನಲ್ಲಿ ಸಣ್ಣ ಸಣ್ಣ ಆಫೀಸುಗಳ ಸರ್ವರ್ ನೋಡ್ಕೊಳ್ತಾ ಇದ್ದೇನೆ, ವರ್ಷಕ್ಕೆ ನಾಲ್ಕೈದು ಸಲ ಈ ಫೋನು ಬಂದೇ ಬರ್ತದೆ. "ಡಿಸ್ಕ್ ದೊಡ್ಡದು ಮಾಡಿ" ಅಂತ ಒಂದೇ ಮಾತಲ್ಲಿ ಹೇಳ್ತಾರೆ, ಆದ್ರೆ ಅದನ್ನ ಮಾಡೋ ದಾರಿ ನಾಲ್ಕು ಇದೆ, ಯಾವ ದಾರಿ ಹಿಡಿದ್ರಿ ಅನ್ನೋದರ ಮೇಲೆ ಮುಂದಿನ ಐದು ವರ್ಷ ನಿಮ್ಮ ನೆಮ್ಮದಿ ನಿಂತಿರ್ತದೆ. ಯಾಕಂದ್ರೆ ವರ್ಚುವಲ್ ಡಿಸ್ಕ್ ಬೆಳೆಸೋದು ಐದು ನಿಮಿಷದ ಕೆಲಸ, ಬೆಳೆಸಿದ್ದನ್ನ ಸಣ್ಣದು ಮಾಡೋದು ಬಹಳ ಕಡೆ ಆಗೋದೇ ಇಲ್ಲ. ಅದಕ್ಕೆ ನಾನು ದಾರಿ ಆರಿಸುವಾಗ "ಯಾವುದು ಬೇಗ" ಅಂತ ಕೇಳೋದಕ್ಕಿಂತ ಮೊದ್ಲು "ತಪ್ಪಾದ್ರೆ ವಾಪಸ್ ಬರ್ಲಿಕ್ಕೆ ಆಗ್ತದಾ" ಅಂತ ಕೇಳ್ತೇನೆ. ಇಲ್ಲಿ ಹೇಳೋದೆಲ್ಲ ಓಎಸ್ ಒಂದು ಡಿಸ್ಕಲ್ಲಿ, ಡೇಟಾ ಬೇರೆ ಡಿಸ್ಕಲ್ಲಿ ಇರೋ ವಿಎಂಗಳ ಬಗ್ಗೆ. ವಿಎಂ ಅಂದ್ರೆ ಹೋಸ್ಟ್ ಅನ್ನೋ ನಿಜವಾದ ಮಷಿನ್ನಿನೊಳಗೆ ಸಾಫ್ಟ್‌ವೇರಿನಿಂದ ಮಾಡಿದ ಸರ್ವರು, ವರ್ಚುವಲ್ ಡಿಸ್ಕ್ ಅಂದ್ರೆ ಅದಕ್ಕೆ ಕೊಟ್ಟ ಡಿಸ್ಕು. ಕಮಾಂಡುಗಳನ್ನ ಫೋನಲ್ಲಿ ಹೇಳಿ ಬರೆಸೋ ಹಾಗೇ ಬರೆದಿದ್ದೇನೆ.

ಮೊದ್ಲು, ನಿಜವಾಗ್ಲೂ ಬೆಳೆಸ್ಬೇಕಾ ಅಂತ ನೋಡಿ

ಆ ದಿನ ಬೆಳಿಗ್ಗೆ ನಾನು ಡಿಸ್ಕ್ ಬೆಳೆಸ್ಲಿಲ್ಲ. ಮಾರುಕಟ್ಟೆ ನಡೀತಾ ಇರುವಾಗ, ಜನ ಕಾಯ್ತಾ ಇರುವಾಗ ಆ ಕೆಲಸಕ್ಕೆ ಕೈ ಹಾಕ್ಬಾರದು. ಆ ಡಿಸ್ಕಲ್ಲಿ ಇದ್ದದ್ದು ಇಎಕ್ಸ್‌ಟಿ4 ಫೈಲ್ ಸಿಸ್ಟಮ್, ಅಂದ್ರೆ ಡಿಸ್ಕಲ್ಲಿ ಫೈಲುಗಳನ್ನ ಜೋಡಿಸಿಡೋ ಲಿನಕ್ಸಿನ ಒಂದು ವ್ಯವಸ್ಥೆ. ಅದನ್ನ ಫಾರ್ಮ್ಯಾಟ್ ಮಾಡುವಾಗ ನೀವು ಏನೂ ಹೇಳದಿದ್ರೆ 5% ಜಾಗ ಪೂರ್ತಿ ಅಧಿಕಾರ ಇರೋ ರೂಟ್ ಯೂಸರ್‌ಗೆ ಅಂತ ತೆಗೆದಿಟ್ಬಿಡ್ತದೆ. ಓಎಸ್ ಇರೋ ಡಿಸ್ಕಿಗೆ ಅದು ಬೇಕು, ತುಂಬಿ ಹೋದ್ರೂ ರೂಟ್ ಆಗಿ ಲಾಗಿನ್ ಆಗಿ ಸರಿಮಾಡ್ಲಿಕ್ಕೆ ಜಾಗ ಉಳೀಲಿ ಅಂತ. ಬರೀ ಡೇಟಾ ಇರೋ ಡಿಸ್ಕಿಗೆ ಅಷ್ಟು ಬೇಡ. 300 ಜಿಬಿಗೆ 5% ಅಂದ್ರೆ 15 ಜಿಬಿ, ಬಿಲ್ಲಿಂಗ್ ಡೇಟಾಬೇಸಿನ ಯೂಸರ್ ರೂಟ್ ಅಲ್ಲದ ಕಾರಣ ಅದಕ್ಕೆ ಆ ಜಾಗ ಸಿಗೋದೇ ಇಲ್ಲ. ಅದನ್ನ 1%ಗೆ ಇಳಿಸೋ ಕಮಾಂಡು: ಟ್ಯೂನ್‌ಟುಎಫ್‌ಎಸ್, ಮೈನಸ್ ಎಂ, ಒಂದು, ಆಮೇಲೆ ಪಾರ್ಟಿಶನ್ನಿನ (ಡಿಸ್ಕಿನೊಳಗೆ ಮಾಡಿದ ಭಾಗದ) ಹೆಸರು. ಎಂಟರ್ ಹೊಡೆದ ತಕ್ಷಣ 12 ಜಿಬಿ ಖಾಲಿ ಅಂತ ತೋರಿಸ್ತು. ಏನೂ ನಿಲ್ಲಿಸ್ಬೇಕಾಗಿಲ್ಲ, ರೀಸ್ಟಾರ್ಟ್ ಬೇಕಾಗಿಲ್ಲ. ಡೇಟಾಬೇಸ್ ಸರ್ವೀಸ್ ಒಮ್ಮೆ ನೋಡ್ಕೊಂಡು "ಈಗ ಹೊಡೀರಿ" ಅಂದೆ, ಫೋನಲ್ಲೇ ಪ್ರಿಂಟರ್ ಸದ್ದು ಕೇಳ್ತು. ಬೆಳೆಸೋ ಕೆಲಸ ರಾತ್ರಿಗೆ ಇಟ್ಕೊಂಡೆ.

ಇದರ ಜೊತೆಗೆ ಇನ್ನೂ ಮೂರು ವಿಷಯ ನೋಡ್ಲೇಬೇಕು. ಡಿಎಫ್ ಮೈನಸ್ ಐ ಹೊಡೆದ್ರೆ ಐನೋಡ್ (ಪ್ರತಿ ಫೈಲಿಗೆ ಒಂದು ಬೇಕಾಗೋ ದಾಖಲೆ) ಎಷ್ಟು ಉಳಿದಿದೆ ಅಂತ ಗೊತ್ತಾಗ್ತದೆ, ಲಕ್ಷಗಟ್ಟಲೆ ಸಣ್ಣ ಫೈಲು ಇದ್ರೆ ಜಿಬಿ ಖಾಲಿ ಇದ್ದೂ "ನೋ ಸ್ಪೇಸ್ ಲೆಫ್ಟ್" ಅಂತ ಬರ್ತದೆ. ಎರಡನೇದು, ಯಾರೋ ದೊಡ್ಡ ಲಾಗ್ ಫೈಲ್ ಡಿಲೀಟ್ ಮಾಡಿರ್ತಾರೆ, ಆದ್ರೆ ಒಂದು ಪ್ರೋಗ್ರಾಮ್ ಅದನ್ನ ಇನ್ನೂ ಹಿಡ್ಕೊಂಡಿರ್ತದೆ, ಹಾಗಿದ್ದಾಗ ಡಿಯು (ಫೈಲುಗಳ ಸೈಜ್ ಕೂಡಿಸೋ ಕಮಾಂಡು) ಒಂದು ಲೆಕ್ಕ, ಡಿಎಫ್ ಇನ್ನೊಂದು ಲೆಕ್ಕ ತೋರಿಸ್ತದೆ. ಎಲ್‌ಎಸ್‌ಓಎಫ್ ಪ್ಲಸ್ ಎಲ್ ಒಂದು ಹೊಡೆದ್ರೆ ಯಾರು ಹಿಡ್ಕೊಂಡಿದ್ದಾರೆ ಅಂತ ಸಿಗ್ತದೆ, ಆ ಸರ್ವೀಸ್ ರೀಸ್ಟಾರ್ಟ್ ಮಾಡಿದ್ರೆ ಜಾಗ ವಾಪಸ್. ಮೂರನೇದು ನಮ್ಮ ಕಡೆ ತುಂಬಾ ಕಾಣೋದು: ದಿನಾ ರಾತ್ರಿ ತೆಗೆಯೋ ಡೇಟಾಬೇಸ್ ಬ್ಯಾಕಪ್ಪನ್ನ ಅದೇ ಡೇಟಾ ಡಿಸ್ಕಲ್ಲೇ ಇಟ್ಟಿರ್ತಾರೆ, ಎರಡು ವರ್ಷದ ಹಳೇ ಬ್ಯಾಕಪ್ ಎಲ್ಲ ಹಾಗೇ ಕೂತಿರ್ತದೆ. ಅದು ಬ್ಯಾಕಪ್ಪೇ ಅಲ್ಲ ಮಾರಾಯ್ರೆ, ಡಿಸ್ಕ್ ಹೋದ್ರೆ ಎರಡೂ ಒಟ್ಟಿಗೇ ಹೋಗ್ತದೆ. ಅದನ್ನ ಹೊರಗಿನ ಡಿಸ್ಕಿಗೆ ಹಾಕಿದ್ರೆ ಅರ್ಧ ಸಲ ಬೆಳೆಸೋ ಅಗತ್ಯಾನೇ ಇರೋದಿಲ್ಲ.

ಒಂದನೇ ದಾರಿ: ಇದ್ದ ಡಿಸ್ಕನ್ನೇ ಬೆಳೆಸೋದು

ಹತ್ತರಲ್ಲಿ ಏಳು ಸಲ ನಾನು ಹಿಡಿಯೋ ದಾರಿ ಇದೇ. ಫೋಲ್ಡರ್ ಬದಲಾಗೋದಿಲ್ಲ, ಸಾಫ್ಟ್‌ವೇರಿಗೆ ಏನೂ ಹೇಳ್ಬೇಕಾಗಿಲ್ಲ, ಬ್ಯಾಕಪ್ ಸೆಟ್ಟಿಂಗ್ ಹಾಗೇ ಇರ್ತದೆ. ಆದ್ರೆ ಜನ ತಪ್ಪು ಮಾಡೋದು ಎಲ್ಲಿ ಅಂದ್ರೆ, ಡಿಸ್ಕ್ ಅನ್ನೋದು ಒಂದೇ ವಸ್ತು ಅಂದ್ಕೊಳ್ಳೋದು. ಅದು ಒಂದರ ಮೇಲೊಂದು ಕೂತ ಪದರ. ಕೆಳಗೆ ಹೋಸ್ಟಿನ ನಿಜವಾದ ಜಾಗ, ಅದರ ಮೇಲೆ ವರ್ಚುವಲ್ ಡಿಸ್ಕು, ಅದರೊಳಗೆ ಪಾರ್ಟಿಶನ್, ಅದರೊಳಗೆ ಕೆಲವು ಕಡೆ ಎಲ್‌ವಿಎಂ (ಡಿಸ್ಕುಗಳ ಜಾಗವನ್ನ ಒಟ್ಟಿಗೆ ಸೇರಿಸಿ ಬೇಕಾದಷ್ಟು ಹಂಚೋ ಲಿನಕ್ಸಿನ ವ್ಯವಸ್ಥೆ), ಕೊನೆಗೆ ಫೈಲ್ ಸಿಸ್ಟಮ್. ಕೆಳಗಿನಿಂದ ಒಂದೊಂದೇ ಪದರ ಬೆಳೆಸ್ತಾ ಮೇಲೆ ಬರ್ಬೇಕು. "ಕನ್ಸೋಲಲ್ಲಿ 500 ಮಾಡಿದೆ, ಒಳಗೆ ಇನ್ನೂ 300 ತೋರಿಸ್ತಾ ಇದೆ" ಅನ್ನೋವ್ರು ಅರ್ಧ ದಾರಿಯಲ್ಲಿ ನಿಂತಿರ್ತಾರೆ ಅಷ್ಟೆ.

ವರ್ಚುವಲ್ ಡಿಸ್ಕ್ ಬೆಳೆಸುವಾಗ ವಿಎಂ ಓಡಿಸೋ ಒಂದೊಂದು ಸಾಫ್ಟ್‌ವೇರಿನದು ಒಂದೊಂದು ರೀತಿ, ಇಲ್ಲಿ ನಿಧಾನಕ್ಕೆ ಓದಿ. ವಿಎಂವೇರಲ್ಲಿ ಸೈಜಿನ ಬಾಕ್ಸಲ್ಲಿ ಒಟ್ಟು ಎಷ್ಟಾಗ್ಬೇಕು ಅಂತ ಬರೀಬೇಕು, 300 ಇದ್ದದ್ದು 500 ಆಗ್ಬೇಕಾದ್ರೆ 500. ಪ್ರಾಕ್ಸ್‌ಮಾಕ್ಸಿನ ವೆಬ್ ಪೇಜಲ್ಲಿ ರೀಸೈಜ್ ಒತ್ತಿದ್ರೆ ಅದು ಕೇಳೋದು ಇನ್ಕ್ರಿಮೆಂಟ್, ಅಂದ್ರೆ ಎಷ್ಟು ಸೇರಿಸ್ಬೇಕು ಅಂತ, ಅಲ್ಲಿ 200 ಅಂತ ಬರೀಬೇಕು. ಕಾರವಾರದ ಒಂದು ಆಫೀಸಲ್ಲಿ ನಾನು ವಿಎಂವೇರಿನ ರೂಢಿಯಲ್ಲೇ 500 ಅಂತ ಬರೆದು ಓಕೆ ಒತ್ತಿದೆ, ಡಿಸ್ಕು 800 ಆಗಿ ಕೂತಿತು. ಪ್ರಾಕ್ಸ್‌ಮಾಕ್ಸಲ್ಲಿ ಸಣ್ಣದು ಮಾಡೋ ಬಟನ್ ಇಲ್ಲ. ಆ ಹೋಸ್ಟಲ್ಲಿ ಖಾಲಿ ಇದ್ದದ್ದೇ ಒಟ್ಟು 350 ಜಿಬಿ ಚಿಲ್ಲರೆ, ಅಂದ್ರೆ ಹೋಸ್ಟಲ್ಲಿ ಇಲ್ಲದ ಜಾಗವನ್ನ ನಾನು ವಿಎಂಗೆ ಬರೆದುಕೊಟ್ಟ ಹಾಗಾಯ್ತು. ಕೈ ತಣ್ಣಗಾಯ್ತು. ಅಲ್ಲಿ ಉಳಿಸಿದ್ದು ಎಲ್‌ವಿಎಂ: ಡಿಸ್ಕ್ 800 ಇದ್ರೂ ಹೊಸದಾಗಿ ಸೇರಿದ್ದರಲ್ಲಿ 200 ಮಾತ್ರ ಫೈಲ್ ಸಿಸ್ಟಮಿಗೆ ಕೊಟ್ಟು ಉಳಿದದ್ದನ್ನ ಮುಟ್ಟದೇ ಬಿಟ್ಟೆ. ಸ್ಟೋರೇಜ್ ಥಿನ್ ಇದ್ದ ಕಾರಣ ಬರೆಯದೇ ಇರೋ ಜಾಗ ಹೋಸ್ಟಲ್ಲಿ ಹಿಡಿಯೋದಿಲ್ಲ. ಫೈಲ್ ಸಿಸ್ಟಮನ್ನೂ 800ಕ್ಕೆ ಎಳೆದುಬಿಟ್ಟಿದ್ರೆ ಮುಂದೊಂದು ದಿನ ಯಾರೋ ಅದನ್ನ ತುಂಬಿಸ್ತಾ ಹೋಗಿ ಹೋಸ್ಟೇ ನಿಲ್ತಿತ್ತು.

ಹಾಗಾಗಿ ಥಿನ್ ಬಗ್ಗೆ ಒಂದು ಮಾತು. ಹೋಸ್ಟಲ್ಲಿ 1 ಟಿಬಿ ಇದ್ದು ಮೂರು ವಿಎಂಗೆ 500, 500, 500 ಅಂತ ಕೊಡ್ಲಿಕ್ಕೆ ಥಿನ್ ಪ್ರೊವಿಶನಿಂಗ್ ಬಿಡ್ತದೆ. ಎಲ್ಲರೂ ಒಟ್ಟಿಗೇ ತುಂಬಿಸದೇ ಇದ್ರೆ ನಡೀತದೆ. ತುಂಬಿಸಿದ ದಿನ ಒಂದು ವಿಎಂ ಅಲ್ಲ, ಆ ಸ್ಟೋರೇಜ್ ಮೇಲೆ ಇರೋ ಎಲ್ಲ ವಿಎಂಗಳೂ ಬರೀಲಿಕ್ಕಾಗದೇ ನಿಲ್ತವೆ, ಡೇಟಾಬೇಸ್ ಹಾಳಾಗೋ ಸಾಧ್ಯತೆಯೂ ಇದೆ. ಬೆಳೆಸೋ ಮೊದ್ಲು ಹೋಸ್ಟಿನ ಸ್ಟೋರೇಜ್ ಪೇಜ್ ತೆಗೆದು ನಿಜವಾಗಿ ಎಷ್ಟು ಖಾಲಿ ಇದೆ ಅಂತ ನೋಡಿ. ಇದನ್ನ ಬಿಟ್ಟು ಮುಂದೆ ಹೋಗ್ಬೇಡಿ.

ಇನ್ನೊಂದು, ಸ್ನ್ಯಾಪ್‌ಶಾಟ್, ಅಂದ್ರೆ ವಿಎಂ ಒಂದು ಹೊತ್ತಿನಲ್ಲಿ ಇದ್ದ ಸ್ಥಿತಿಯನ್ನ ಹಿಡಿದಿಡೋದು. "ಸೇಫ್ಟಿಗೆ ಒಂದು ಸ್ನ್ಯಾಪ್‌ಶಾಟ್ ತೆಗೆದು ಆಮೇಲೆ ಬೆಳೆಸ್ತೇನೆ" ಅಂತ ಹೋದ್ರೆ ವಿಎಂವೇರಲ್ಲಿ ಬೆಳೆಸ್ಲಿಕ್ಕೇ ಬಿಡೋದಿಲ್ಲ, ಸ್ನ್ಯಾಪ್‌ಶಾಟ್ ಇದ್ದಷ್ಟು ಹೊತ್ತು ಸೈಜ್ ಬದಲಾಯಿಸ್ಲಿಕ್ಕೆ ಬರೋದಿಲ್ಲ. ಹೈಪರ್‌ವಿಯಲ್ಲೂ ಚೆಕ್‌ಪಾಯಿಂಟ್ ಇದ್ರೆ ಅದೇ ಕಥೆ. ಎಷ್ಟೋ ಸಲ ಒಂದು ವರ್ಷದ ಹಿಂದೆ ಯಾರೋ ಸಾಫ್ಟ್‌ವೇರ್ ಅಪ್‌ಡೇಟಿಗೆ ಅಂತ ತೆಗೆದು ಮರೆತ ಸ್ನ್ಯಾಪ್‌ಶಾಟ್ ಹಾಗೇ ಬೆಳೀತಾ ಇರ್ತದೆ, ಅದನ್ನ ಡಿಲೀಟ್ ಮಾಡಿದ್ರೆ ಡಿಸ್ಕಿಗೆ ಸೇರಿಸ್ಲಿಕ್ಕೆ ಗಂಟೆಗಟ್ಟಲೆ ತಗೊಳ್ತದೆ. ಹಾಗಾಗಿ ಪೂರ್ತಿ ಬ್ಯಾಕಪ್ ಬೇರೆ ಡಿಸ್ಕಿಗೆ ತಗೊಳ್ಳಿ, ಸ್ನ್ಯಾಪ್‌ಶಾಟ್ ಎಲ್ಲ ತೆಗೀರಿ, ಆಮೇಲೆ ಬೆಳೆಸಿ. ಹೈಪರ್‌ವಿಯಲ್ಲಿ ವಿಎಚ್‌ಡಿಎಕ್ಸ್ ಡಿಸ್ಕು ಸ್ಕಸಿ ಕಂಟ್ರೋಲರ್ (ಡಿಸ್ಕ್ ಜೋಡಿಸೋ ಒಂದು ಬಗೆ) ಮೇಲೆ ಇದ್ರೆ 2012 ಆರ್2 ವರ್ಷನ್ನಿಂದ ವಿಎಂ ಓಡ್ತಾ ಇರುವಾಗ್ಲೇ ಬೆಳೆಸ್ಬಹುದು, ಐಡಿಇ ಮೇಲೆ ಇದ್ರೆ ಆಫ್ ಮಾಡ್ಲೇಬೇಕು.

ಈಗ ಲಿನಕ್ಸ್ ಒಳಗೆ ಬನ್ನಿ. ಮೊದ್ಲು ಎಲ್‌ಎಸ್‌ಬಿಎಲ್‌ಕೆ ಹೊಡೆದು ಹೊಸ ಸೈಜ್ ಕಾಣ್ತದಾ ನೋಡಿ. ಕೆಲವು ಸಲ ತಾನಾಗೇ ಕಾಣ್ತದೆ, ಕಾಣದಿದ್ರೆ ಆ ಡಿಸ್ಕಿನ ರೀಸ್ಕ್ಯಾನ್ ಫೈಲಿಗೆ 1 ಅಂತ ಬರೆದ್ರೆ ಸಾಕು, ರೀಬೂಟ್ ಬೇಕಾಗಿಲ್ಲ. ಆಮೇಲೆ ಪಾರ್ಟಿಶನ್ ಬೆಳೆಸ್ಲಿಕ್ಕೆ ಗ್ರೋಪಾರ್ಟ್. ಒಮ್ಮೆ ಮಳೆಗಾಲದಲ್ಲಿ ಹೊನ್ನಾವರದ ಒಂದು ಆಫೀಸಿಗೆ ನೆಟ್ ಇರ್ಲಿಲ್ಲ, ಘಟ್ಟದಲ್ಲಿ ಮರ ಬಿದ್ದು ನಾನು ಇಳಿದು ಹೋಗೋ ಹಾಗೂ ಇರ್ಲಿಲ್ಲ, ಅಲ್ಲಿದ್ದ ತಂಗಿಯೊಬ್ಬಳಿಗೆ ಫೋನಲ್ಲೇ ಒಂದೊಂದು ಅಕ್ಷರ ಹೇಳಿ ಮಾಡಿಸಿದ್ದು. "ಗ್ರೋಪಾರ್ಟ್, ಸ್ಪೇಸ್, ಡೆವ್ ಎಸ್‌ಡಿಬಿ, ಸ್ಪೇಸ್, ಒಂದು" ಅಂದೆ. ಅವಳು ಎಸ್‌ಡಿಬಿ1 ಅಂತ ಒಟ್ಟಿಗೇ ಬರೆದ್ಲು, ಎರರ್ ಬಂತು. ಪಾಪ ಹೆದರಿಹೋದ್ಲು, "ಅಣ್ಣಾ ಎಂತದೋ ಆಗ್ಹೋಯ್ತು" ಅಂದ್ಲು. ಏನೂ ಆಗಿರ್ಲಿಲ್ಲ. ಗ್ರೋಪಾರ್ಟಿಗೆ ಡಿಸ್ಕಿನ ಹೆಸರು ಬೇರೆ, ಪಾರ್ಟಿಶನ್ ನಂಬರ್ ಬೇರೆ, ಮಧ್ಯ ಸ್ಪೇಸ್ ಬೇಕೇ ಬೇಕು. ಕೊನೇ ಹೆಜ್ಜೆಯಲ್ಲಿ ಫೈಲ್ ಸಿಸ್ಟಮ್: ಇಎಕ್ಸ್‌ಟಿ4 ಆದ್ರೆ ರೀಸೈಜ್‌ಟುಎಫ್‌ಎಸ್, ಅದಕ್ಕೆ ಪಾರ್ಟಿಶನ್ನಿನ ಹೆಸರು ಕೊಡ್ಬೇಕು, ಎಕ್ಸ್‌ಎಫ್‌ಎಸ್ ಆದ್ರೆ ಎಕ್ಸ್‌ಎಫ್‌ಎಸ್ ಗ್ರೋಎಫ್‌ಎಸ್, ಅದಕ್ಕೆ ಮೌಂಟ್ ಆದ (ಡಿಸ್ಕ್ ತೆರೆದುಕೊಳ್ಳೋ) ಫೋಲ್ಡರಿನ ಹೆಸರು ಕೊಡಿ. ಎರಡೂ ಡಿಸ್ಕ್ ಮೌಂಟ್ ಆಗಿರುವಾಗ್ಲೇ, ಜನ ಕೆಲಸ ಮಾಡ್ತಾ ಇರುವಾಗ್ಲೇ ಆಗ್ತದೆ.

ಗ್ರೋಪಾರ್ಟ್ ಬೆಳೆಸೋದು ತನ್ನ ಮುಂದೆ ಖಾಲಿ ಜಾಗ ಇರೋ ಪಾರ್ಟಿಶನ್ ಮಾತ್ರ. ಅಡಿಕೆ ಒಣಗಿಸೋ ಅಂಗಳ ಅಗಲ ಮಾಡ್ಬೇಕಾದ್ರೆ ಪಕ್ಕದ ಜಾಗ ಖಾಲಿ ಇರ್ಬೇಕು, ಅಲ್ಲಿ ಕೊಟ್ಟಿಗೆ ಇದ್ರೆ ಆಗೋದಿಲ್ಲ, ಹಾಗೇ. ಒಂದೇ ಡಿಸ್ಕಲ್ಲಿ ಎರಡು ಮೂರು ಪಾರ್ಟಿಶನ್ ಮಾಡಿಟ್ಟವ್ರಿಗೆ ಇದೇ ತೊಂದ್ರೆ. ವಿಂಡೋಸಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು ರೀಸ್ಕ್ಯಾನ್ ಕೊಟ್ಟು ಎಕ್ಸ್‌ಟೆಂಡ್ ವಾಲ್ಯೂಮ್ ಒತ್ಲಿಕ್ಕೆ ಹೋದ್ರೆ ಅದು ಮಂಕಾಗಿ ಕಾಣೋದಕ್ಕೂ ಬಹಳ ಸಲ ಕಾರಣ ಇದೇ, ಖಾಲಿ ಜಾಗ ಬಲಕ್ಕೆ ಅಂಟಿಕೊಂಡೇ ಇರ್ಬೇಕು. ಡೇಟಾ ಡಿಸ್ಕಲ್ಲಿ ಒಂದೇ ಪಾರ್ಟಿಶನ್ ಇದ್ರೆ ವಿಂಡೋಸಲ್ಲೂ ಇದು ಎರಡು ನಿಮಿಷದ ಕೆಲಸ, ಅದರ ಬಗ್ಗೆ ಹೆಚ್ಚು ಹೇಳೋದೇನಿಲ್ಲ.

ಒಂದು ಗೋಡೆ ಮಾತ್ರ ಗಟ್ಟಿ ಇದೆ: 2 ಟಿಬಿ. ಹಳೇ ಎಂಬಿಆರ್ ಪಾರ್ಟಿಶನ್ ಟೇಬಲ್ (ಯಾವ ಪಾರ್ಟಿಶನ್ ಎಲ್ಲಿದೆ ಅಂತ ಬರೆದಿಡೋ ಪಟ್ಟಿ) ಇರೋ ಡಿಸ್ಕು 2 ಟಿಬಿ ದಾಟಿದ ಮೇಲಿನ ಜಾಗವನ್ನ ನೋಡೋದೇ ಇಲ್ಲ. ನೀವು 3 ಟಿಬಿ ಮಾಡಿ, ಒಳಗೆ 2ಕ್ಕೇ ನಿಲ್ತದೆ. ಲಿನಕ್ಸಲ್ಲಿ ಜಿಡಿಸ್ಕ್ ಬಳಸಿ ಡೇಟಾ ಉಳಿಸ್ಕೊಂಡೇ ಜಿಪಿಟಿ ಅನ್ನೋ ಹೊಸ ಬಗೆಯ ಟೇಬಲ್ಲಿಗೆ ಬದಲಾಯಿಸ್ಬಹುದು, ಬ್ಯಾಕಪ್ ಇಲ್ಲದೇ ಮಾತ್ರ ಮುಟ್ಬೇಡಿ. ವಿಂಡೋಸಲ್ಲಿ ಅದರ ಸ್ವಂತ ಟೂಲ್ ಡೇಟಾ ಡಿಸ್ಕನ್ನ ಖಾಲಿ ಮಾಡದೇ ಬದಲಾಯಿಸೋದಿಲ್ಲ, ಅಲ್ಲಿ ಕೆಳಗೆ ಹೇಳೋ ನಾಲ್ಕನೇ ದಾರಿಯೇ ಸರಿ.

ಎರಡನೇ ದಾರಿ: ಹೊಸ ಡಿಸ್ಕ್ ತಂದು ಎಲ್‌ವಿಎಂಗೆ ಸೇರಿಸೋದು

ಡೇಟಾ ಡಿಸ್ಕು ಮೊದ್ಲೇ ಎಲ್‌ವಿಎಂ ಮೇಲೆ ಇದ್ರೆ ಮಾತ್ರ ಈ ದಾರಿ. ಹೊಸ ವರ್ಚುವಲ್ ಡಿಸ್ಕ್ ಸೇರಿಸಿ, ಪಿವಿ ಕ್ರಿಯೇಟ್ (ಡಿಸ್ಕನ್ನ ಎಲ್‌ವಿಎಂಗೆ ತಯಾರು ಮಾಡೋದು), ವಿಜಿ ಎಕ್ಸ್‌ಟೆಂಡ್ (ಒಟ್ಟು ಜಾಗಕ್ಕೆ ಸೇರಿಸೋದು), ಎಲ್‌ವಿ ಎಕ್ಸ್‌ಟೆಂಡ್ (ಅದರಿಂದ ಡೇಟಾ ಭಾಗಕ್ಕೆ ಕೊಡೋದು), ಮುಗೀತು. ಎಲ್‌ವಿ ಎಕ್ಸ್‌ಟೆಂಡಿಗೆ ಮೈನಸ್ ಆರ್ ಸೇರಿಸಿದ್ರೆ ಫೈಲ್ ಸಿಸ್ಟಮನ್ನೂ ಅದೇ ಬೆಳೆಸಿಬಿಡ್ತದೆ. ಹಳೇ ಡಿಸ್ಕಿರೋ ಸ್ಟೋರೇಜಲ್ಲಿ ಜಾಗ ಇಲ್ಲ, ಪಕ್ಕದ ಇನ್ನೊಂದು ಸ್ಟೋರೇಜಲ್ಲಿ ಇದೆ ಅನ್ನುವಾಗ ಇದು ಸುಲಭ ಅನಿಸ್ತದೆ.

ಆದ್ರೆ ನಾನು ಇದನ್ನ ಕಾಯಂ ವ್ಯವಸ್ಥೆ ಅಂತ ಒಪ್ಪೋದಿಲ್ಲ. ಒಂದು ಫೈಲ್ ಸಿಸ್ಟಮ್ ಎರಡು ಡಿಸ್ಕಿನ ಮೇಲೆ ಕಾಲಿಟ್ಟು ನಿಂತ ಮೇಲೆ, ಯಾವ ಒಂದು ಕಾಲು ಜಾರಿದ್ರೂ ಪೂರ್ತಿ ಬೀಳ್ತದೆ. ಎರಡೂ ಒಂದೇ ರೇಡ್ (ಹಲವು ಡಿಸ್ಕನ್ನ ಒಂದಾಗಿ ಸೇರಿಸಿದ ಗುಂಪು) ಮೇಲೆ ಇದ್ರೆ ಅಪಾಯ ಹೆಚ್ಚೇನೂ ಆಗೋದಿಲ್ಲ, ಒಂದು ಎಸ್‌ಎಸ್‌ಡಿ ಮೇಲೆ, ಇನ್ನೊಂದು ಹಳೇ ಹಾರ್ಡ್‌ಡಿಸ್ಕ್ ಮೇಲೆ ಇದ್ರೆ ಅಪಾಯ ಎರಡೂ ಕಡೆಯಿಂದ ಬರ್ತದೆ, ಜೊತೆಗೆ ಬಿಲ್ಲಿಂಗ್ ಒಮ್ಮೆ ಜೋರು, ಒಮ್ಮೆ ನಿಧಾನ, ಯಾಕೆ ಅಂತ ಯಾರಿಗೂ ಗೊತ್ತಾಗೋದಿಲ್ಲ. ಬ್ಯಾಕಪ್ ತೆಗೆಯೋ ಟೂಲಲ್ಲಿ ಹೊಸ ಡಿಸ್ಕನ್ನ ಸೇರಿಸ್ಲಿಕ್ಕೆ ಮರೆತ್ರೆ ವಾಪಸ್ ಹಾಕುವಾಗ ಅರ್ಧ ಡಿಸ್ಕ್ ಮಾತ್ರ ಬರ್ತದೆ, ಅದು ತೆರೆಯೋದೇ ಇಲ್ಲ.

ಹಾಗಿದ್ರೂ ಎಲ್‌ವಿಎಂ ಇರೋದು ಬಹಳ ಒಳ್ಳೇದು, ಯಾಕಂದ್ರೆ ಅದರಲ್ಲಿ ವಾಪಸ್ ಬರೋ ದಾರಿ ಇದೆ. ಪಿವಿ ಮೂವ್ ಅನ್ನೋ ಕಮಾಂಡು ಒಂದು ಡಿಸ್ಕಲ್ಲಿ ಇದ್ದದ್ದನ್ನೆಲ್ಲ ಇನ್ನೊಂದಕ್ಕೆ, ಸರ್ವರ್ ಓಡ್ತಾ ಇರುವಾಗ್ಲೇ, ಸಾಗಿಸ್ತದೆ. ಸಾಗಿಸಿ ಮುಗಿದ ಮೇಲೆ ವಿಜಿ ರೆಡ್ಯೂಸ್ ಮಾಡಿ ಹಳೇ ಡಿಸ್ಕ್ ಕಿತ್ತು ಹಾಕ್ಬಹುದು. ಹಾಗಾಗಿ ತುರ್ತಿಗೆ ಎರಡನೇ ಡಿಸ್ಕ್ ಸೇರಿಸಿ, ಆದ್ರೆ ದೊಡ್ಡದೇ ಸೇರಿಸಿ, ಮುಂದಿನ ಭಾನುವಾರ ಪಿವಿ ಮೂವ್ ಮಾಡಿ ಒಂದೇ ಡಿಸ್ಕಿಗೆ ತನ್ನಿ. ಹೊಸದಾಗಿ ಡೇಟಾ ಡಿಸ್ಕ್ ಮಾಡೋವ್ರಿಗೆ ನನ್ನ ಸಲಹೆ ಒಂದೇ: ಪಾರ್ಟಿಶನ್ ಮಾಡ್ಲೇಬೇಡಿ, ಇಡೀ ಡಿಸ್ಕನ್ನ ನೇರ ಎಲ್‌ವಿಎಂಗೆ ಕೊಡಿ. ಆಗ ಮುಂದೆ ಬೆಳೆಸೋದು ಅಂದ್ರೆ ಪಿವಿ ರೀಸೈಜ್, ಎಲ್‌ವಿ ಎಕ್ಸ್‌ಟೆಂಡ್, ಎರಡೇ ಸಾಲು. ಎಂಬಿಆರ್ ಇಲ್ಲ, 2 ಟಿಬಿ ಗೋಡೆ ಇಲ್ಲ, ಗ್ರೋಪಾರ್ಟ್ ಇಲ್ಲ.

ಮೂರನೇ ದಾರಿ: ಹೊಸ ಡಿಸ್ಕನ್ನ ಬೇರೆ ಫೋಲ್ಡರಿಗೆ ಮೌಂಟ್ ಮಾಡೋದು

ಡೇಟಾ ಎರಡು ಜಾತಿಯದ್ದು ಇದ್ದಾಗ ಇದು ಎಲ್ಲಕ್ಕಿಂತ ಒಳ್ಳೇದು. ಶಿರಸಿಯಲ್ಲಿ ಒಂದು ಫೋಟೋ ಸ್ಟುಡಿಯೋ ಇದೆ, ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರ್ತದಲ್ಲ, ಆ ದಿನಗಳಲ್ಲಿ ಅವರ ಸರ್ವರಿಗೆ ಬರೋ ವಿಡಿಯೋ ಉಳಿದ ಎಷ್ಟೋ ತಿಂಗಳಿನ ಲೆಕ್ಕವನ್ನೇ ಮೀರಿಸ್ತದೆ. ಗಿರಾಕಿಗಳ ಲೆಕ್ಕ, ಬುಕಿಂಗ್ ಎಲ್ಲ ಒಟ್ಟು 20 ಜಿಬಿ ದಾಟೋದಿಲ್ಲ, ಅದು ದಿನಾ ಬದಲಾಗ್ತದೆ, ದಿನಾ ಬ್ಯಾಕಪ್ ಬೇಕು. ವಿಡಿಯೋ ಒಮ್ಮೆ ಬಂದ ಮೇಲೆ ಬದಲಾಗೋದಿಲ್ಲ. ಎರಡನ್ನೂ ಒಂದೇ ಡಿಸ್ಕಲ್ಲಿ ಇಟ್ಟು ಆ ಡಿಸ್ಕನ್ನ ಬೆಳೆಸ್ತಾ ಹೋದ್ರೆ ಪ್ರತಿ ರಾತ್ರಿ ಬ್ಯಾಕಪ್ ಒದ್ದಾಡ್ತದೆ. 800 ಜಿಬಿಯನ್ನ 100 ಎಂಬಿಪಿಎಸ್ ನೆಟ್ಟಲ್ಲಿ ಹೊರಗೆ ಕಳಿಸ್ಬೇಕಂದ್ರೆ ಲೈನ್ ಪೂರ್ತಿ ಸಿಕ್ಕಿದ್ರೂ 18 ಗಂಟೆ ಹತ್ತಿರ ಬೇಕು, ನಮ್ಮಲ್ಲಿ ಅಷ್ಟು ಹೊತ್ತು ಲೈನೂ ಕರೆಂಟೂ ಒಟ್ಟಿಗೆ ಇರೋದು ಮಳೆಗಾಲದಲ್ಲಿ ಕಷ್ಟ. ಅಲ್ಲಿ ವಿಡಿಯೋಗೇ ಅಂತ ಅಗ್ಗದ ಹಾರ್ಡ್‌ಡಿಸ್ಕ್ ಮೇಲೆ ಬೇರೆ ವರ್ಚುವಲ್ ಡಿಸ್ಕ್ ಮಾಡಿ ಬೇರೆ ಫೋಲ್ಡರಿಗೆ ಮೌಂಟ್ ಮಾಡಿದ್ದೇನೆ. ಲೆಕ್ಕದ ಡಿಸ್ಕು ಎಸ್‌ಎಸ್‌ಡಿ ಮೇಲೆ ಸಣ್ಣದಾಗೇ ಇದೆ. ಬೇಡ ಅನಿಸಿದ ದಿನ ಆ ಡಿಸ್ಕ್ ಕಳಚಿದ್ರೆ ಆಯ್ತು, ಉಳಿದದ್ದಕ್ಕೆ ಪೆಟ್ಟಿಲ್ಲ. ವಾಪಸ್ ಬರೋ ದಾರಿ ಅಂದ್ರೆ ಇದು.

ಅಡಿಕೆ ಆಫೀಸಿಗೆ ಇದು ಹೊಂದೋದಿಲ್ಲ, ಅವರದ್ದು ಒಂದೇ ದೊಡ್ಡ ಡೇಟಾಬೇಸ್, ಅರ್ಧ ಇಲ್ಲಿ ಅರ್ಧ ಅಲ್ಲಿ ಅಂತ ಒಡೀಲಿಕ್ಕೆ ಹೋದ್ರೆ ಸಾಫ್ಟ್‌ವೇರಿನವ್ರ ಜೊತೆ ಜಗಳ. ಒಂದು ಎಚ್ಚರ ಹೇಳ್ಲೇಬೇಕು, ಎಫ್‌ಎಸ್‌ಟ್ಯಾಬಲ್ಲಿ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗ್ಬೇಕು ಅಂತ ಇರೋ ಫೈಲು) ಬರೆಯುವಾಗ ಎಸ್‌ಡಿಸಿ ಅಂತ ಹೆಸರು ಬರೀಬೇಡಿ, ರೀಬೂಟ್ ಆದಾಗ ಎಸ್‌ಡಿಬಿ ಎಸ್‌ಡಿಸಿ ಅದಲು ಬದಲಾಗ್ಬಹುದು. ಬಿಎಲ್‌ಕೆಐಡಿ ಹೊಡೆದು ಯುಯುಐಡಿ (ರೀಬೂಟ್ ಆದ್ರೂ ಬದಲಾಗದ ಗುರುತು) ತಗೊಂಡು ಅದನ್ನ ಬರೀರಿ, ಜೊತೆಗೆ ನೋಫೇಲ್ ಅಂತ ಸೇರಿಸಿ. ಇಲ್ಲದಿದ್ರೆ ಆ ಒಂದು ಡಿಸ್ಕ್ ಸಿಗದ ದಿನ ಇಡೀ ಸರ್ವರ್ ಎಮರ್ಜೆನ್ಸಿ ಮೋಡಲ್ಲಿ ನಿಲ್ತದೆ, ನೀವು ಮನೆಯಿಂದ ಲಾಗಿನ್ ಆಗ್ಲಿಕ್ಕೆ ಬರೋದಿಲ್ಲ.

ನಾಲ್ಕನೇ ದಾರಿ: ದೊಡ್ಡ ಡಿಸ್ಕ್ ತಂದು ಪೂರ್ತಿ ಕಾಪಿ ಮಾಡೋದು

ಶ್ರಮ ಜಾಸ್ತಿ, ಆದ್ರೆ ಹಳೇ ಡಿಸ್ಕು ಹಾಗೇ ಉಳೀತದೆ, ಎಡವಿದ್ರೆ ಅದನ್ನೇ ಮತ್ತೆ ಮೌಂಟ್ ಮಾಡ್ಬಹುದು, ಹಾಗಾಗಿ ನನಗೆ ಈ ದಾರಿಯ ಮೇಲೆ ಗೌರವ ಇದೆ. ಎಂಬಿಆರ್ ಬಿಟ್ಟು ಬರ್ಬೇಕಾದ್ರೆ, ಪಾರ್ಟಿಶನ್ ಗೋಜಲಾಗಿದ್ರೆ, ಅಥವಾ ಡಿಸ್ಕ್ ಸಣ್ಣದು ಮಾಡ್ಬೇಕಾದ್ರೆ ಇದೇ ಸರಿ. ಎಕ್ಸ್‌ಎಫ್‌ಎಸ್ ಅಂತೂ ದಿನನಿತ್ಯದ ಬಳಕೆಯಲ್ಲಿ ಬೆಳೀತದೆ, ಕುಗ್ಗೋದಿಲ್ಲ. ಇಎಕ್ಸ್‌ಟಿ4 ಕುಗ್ಗಿಸ್ಬಹುದು, ಅನ್‌ಮೌಂಟ್ ಮಾಡಿ, ಕೆಲಸ ನಿಲ್ಲಿಸಿ. ಯುಪಿಎಸ್ ಬ್ಯಾಟರಿ ಮುಪ್ಪಾದ ಆಫೀಸಲ್ಲಿ, ಜೂನ್ ಜುಲೈ ತಿಂಗಳಲ್ಲಿ ಯಾರೂ ಕುಗ್ಗಿಸೋ ಕೆಲಸಕ್ಕೆ ಕೈ ಹಾಕ್ಬೇಡಿ, ಮಧ್ಯದಲ್ಲಿ ಕರೆಂಟ್ ಹೋದ್ರೆ ಫೈಲ್ ಸಿಸ್ಟಮ್ ಅರ್ಧಕ್ಕೇ ನಿಲ್ತದೆ. ಕಾಪಿ ಮಾಡುವಾಗ ಹೋದ್ರೆ ಮತ್ತೆ ಶುರು ಮಾಡಿದ್ರೆ ಆಯ್ತು, ಆರ್‌ಸಿಂಕ್ ಅನ್ನೋ ಕಾಪಿ ಮಾಡೋ ಕಮಾಂಡು ಬಿಟ್ಟಲ್ಲಿಂದ ಮುಂದುವರೀತದೆ.

ನಾನು ಮಾಡೋ ರೀತಿ ಇದು: ಜನ ಕೆಲಸ ಮಾಡ್ತಾ ಇರುವಾಗ್ಲೇ ಹಗಲು ಒಂದು ಸಲ ಆರ್‌ಸಿಂಕ್ ಓಡಿಸ್ತೇನೆ, ಬಹುಪಾಲು ಫೈಲು ಆಗ್ಲೇ ಹೋಗಿರ್ತದೆ. ರಾತ್ರಿ ಎಲ್ಲ ಸರ್ವೀಸ್ ನಿಲ್ಲಿಸಿ ಎರಡನೇ ಸಲ ಓಡಿಸ್ತೇನೆ, ಅದು ಬದಲಾದದ್ದನ್ನ ಮಾತ್ರ ತಗೊಂಡು ಹೋಗ್ತದೆ. ಆಮೇಲೆ ಹೊಸ ಡಿಸ್ಕನ್ನ ಹಳೇ ಫೋಲ್ಡರಿಗೇ ಮೌಂಟ್ ಮಾಡಿದ್ರೆ ಸಾಫ್ಟ್‌ವೇರಿಗೆ ವ್ಯತ್ಯಾಸವೇ ಗೊತ್ತಾಗೋದಿಲ್ಲ. ಗಿಗಾಬಿಟ್ ನೆಟ್‌ವರ್ಕಲ್ಲಿ ಸೆಕೆಂಡಿಗೆ ಹೆಚ್ಚಂದ್ರೆ 110 ಎಂಬಿ ಬರ್ತದೆ, 800 ಜಿಬಿಗೆ ಎರಡು ಗಂಟೆ, ಸಣ್ಣ ಸಣ್ಣ ಫೈಲು ಲಕ್ಷಗಟ್ಟಲೆ ಇದ್ರೆ ಅದರ ಮೂರ್ನಾಲ್ಕು ಪಟ್ಟು ಆದ್ರೂ ಆಶ್ಚರ್ಯ ಇಲ್ಲ. ಮೌಂಟ್ ಫೋಲ್ಡರ್ ಬದಲಾಯಿಸ್ಲೇಬೇಕು ಅಂದ್ರೆ ಉಬುಂಟುವಲ್ಲಿ ಆಪ್‌ಆರ್ಮರ್, ರೆಡ್‌ಹ್ಯಾಟ್ ಜಾತಿಯದರಲ್ಲಿ ಎಸ್‌ಇಲಿನಕ್ಸ್ ಎರಡನ್ನೂ ನೆನಪಿಡಿ, ಯಾವ ಸರ್ವೀಸ್ ಯಾವ ಫೋಲ್ಡರ್ ಮುಟ್ಬಹುದು ಅಂತ ಕಾಯೋದು ಇವು. ಫೈಲೆಲ್ಲ ಸರಿ ಇದ್ದೂ ಮೈಎಸ್‌ಕ್ಯೂಎಲ್ ಎದ್ದೇಳದಿದ್ರೆ ಮೊದ್ಲು ನೋಡ್ಬೇಕಾದ್ದು ಅದನ್ನೇ.

ಕ್ಲೌಡಲ್ಲಿ ಇರೋವ್ರಿಗೆ

ಎಡಬ್ಲ್ಯೂಎಸ್, ಅಜೂರ್, ಗೂಗಲ್ ಮೂರರಲ್ಲೂ ಡಿಸ್ಕ್ ಬೆಳೆಸ್ಬಹುದು, ಕುಗ್ಗಿಸ್ಲಿಕ್ಕೆ ಬರೋದಿಲ್ಲ. ದುಡ್ಡು ಹೋಗೋದು ನೀವು ತಗೊಂಡ ಸೈಜಿಗೆ, ತುಂಬಿಸಿದ್ದಕ್ಕೆ ಅಲ್ಲ, ಹಾಗಾಗಿ ಅಲ್ಲಿ "ಇರ್ಲಿ ಬಿಡಿ" ಅಂತ ದೊಡ್ಡದು ಮಾಡಿದ್ರೆ ಪ್ರತಿ ತಿಂಗಳು ಕಟ್ತಾ ಇರ್ಬೇಕು. ಅಜೂರಿನ ಪ್ರೀಮಿಯಂ ಎಸ್‌ಎಸ್‌ಡಿ ಹಂತ ಹಂತವಾಗಿ ಬಿಲ್ ಆಗ್ತದೆ, 128, 256, 512, 1024 ಅಂತ. 512 ಇದ್ದದ್ದನ್ನ 520 ಮಾಡಿದ್ರೆ 1024ರ ದರ ಬೀಳ್ತದೆ, ಎಂಟು ಜಿಬಿಗೋಸ್ಕರ. ಅಲ್ಲಿ 512ರ ಒಳಗೇ ನಿಂತು ಹಳೇ ಫೈಲು ಅಗ್ಗದ ಡಿಸ್ಕಿಗೆ ಸಾಗಿಸೋ ಮೂರನೇ ದಾರಿ ಲಾಭ. ಒಳಗೆ ಗ್ರೋಪಾರ್ಟ್, ರೀಸೈಜ್ ಎಲ್ಲ ಮೇಲೆ ಹೇಳಿದ ಹಾಗೇ.

ಆ ರಾತ್ರಿ ಏನು ಮಾಡಿದೆ

ಅಡಿಕೆ ಆಫೀಸಿನದು ಇಎಕ್ಸ್‌ಟಿ4, ಒಂದೇ ಪಾರ್ಟಿಶನ್, ಜಿಪಿಟಿ, ಎಲ್‌ವಿಎಂ ಇಲ್ಲ, ಹೋಸ್ಟಲ್ಲಿ 420 ಜಿಬಿ ನಿಜವಾಗ್ಲೂ ಖಾಲಿ. ಒಂದನೇ ದಾರಿಗೆ ಏನೂ ಅಡ್ಡಿ ಇರ್ಲಿಲ್ಲ. ಎಷ್ಟು ಬೆಳೆಸೋದು ಅನ್ನೋದೇ ಪ್ರಶ್ನೆ. ಹಿರಿಯರು "ಇದ್ದದ್ದೆಲ್ಲ ಕೊಟ್ಬುಡು" ಅಂದ್ರು. ಹಳೇ ಬ್ಯಾಕಪ್ಪಿನ ಸೈಜುಗಳನ್ನ ತಿಂಗಳುವಾರು ಜೋಡಿಸಿ ನೋಡಿದೆ, ಸಾಮಾನ್ಯ ತಿಂಗಳಲ್ಲಿ 4 ಜಿಬಿ, ಸುಗ್ಗಿಯ ನಾಲ್ಕು ತಿಂಗಳು 9ರ ಹತ್ತಿರ, ವರ್ಷಕ್ಕೆ 70 ಜಿಬಿ ಆಸುಪಾಸು. ಎರಡು ವರ್ಷಕ್ಕೆ ಅಂತ 150 ಸೇರಿಸಿದೆ, ಉಳಿದದ್ದನ್ನ ಹೋಸ್ಟಲ್ಲೇ ಬಿಟ್ಟೆ, ಅದೇ ಮಷಿನ್ ಮೇಲೆ ಇನ್ನೊಂದು ವಿಎಂ ಇದೆ, ಅದಕ್ಕೂ ಒಂದು ದಿನ ಬೇಕಾಗ್ತದೆ. ಬ್ಯಾಕಪ್ ಹೊರಗಿನ ಡಿಸ್ಕಿಗೆ ಹೋಗ್ಲಿಕ್ಕೆ 50 ನಿಮಿಷ, ಸ್ನ್ಯಾಪ್‌ಶಾಟ್ ಇಲ್ಲ ಅಂತ ನೋಡ್ಲಿಕ್ಕೆ ಒಂದು ನಿಮಿಷ, ಇನ್ಕ್ರಿಮೆಂಟ್ ಬಾಕ್ಸಲ್ಲಿ 150 ಅಂತ ಬರೆದು ಎರಡು ಸಲ ಓದಿ ಓಕೆ ಒತ್ತಿದೆ. ಗ್ರೋಪಾರ್ಟ್, ರೀಸೈಜ್‌ಟುಎಫ್‌ಎಸ್ ಸೇರಿ ಇಪ್ಪತ್ತು ಸೆಕೆಂಡು.

ಆಮೇಲೆ ಒಂದು ರೀಬೂಟ್ ಕೊಟ್ಟೆ, ರಾತ್ರಿಯೇ. ಬೆಳೆಸ್ಲಿಕ್ಕೆ ರೀಬೂಟ್ ಬೇಕಾಗಿರ್ಲಿಲ್ಲ, ಆದ್ರೆ ಮುಂದೊಂದು ದಿನ ಕರೆಂಟ್ ಹೋಗಿ ಸರ್ವರ್ ತಾನಾಗೇ ಎದ್ದಾಗ ಡಿಸ್ಕ್ ಸರಿಯಾಗಿ ಮೌಂಟ್ ಆಗ್ತದಾ ಅಂತ ನಾನು ಎಚ್ಚರ ಇರುವಾಗ್ಲೇ ಗೊತ್ತಾಗ್ಬೇಕು. ಎದ್ದಿತು, ಡಿಎಫಲ್ಲಿ 65% ತೋರಿಸ್ತು. 80% ದಾಟಿದ್ರೆ ನನ್ನ ಫೋನಿಗೂ ಆಫೀಸಿಗೂ ಮೆಸೇಜ್ ಬರೋ ಹಾಗೆ ಕ್ರಾನಲ್ಲಿ (ಹೊತ್ತಿಗೆ ಸರಿಯಾಗಿ ಕಮಾಂಡು ಓಡಿಸೋ ವ್ಯವಸ್ಥೆ) ಒಂದು ಸಾಲು ಬರೆದು, ಬ್ಯಾಕಪ್ ಇಡೋ ಹೊರಗಿನ ಡಿಸ್ಕು 500 ಜಿಬಿಯದ್ದು, ಅದನ್ನೂ ದೀಪಾವಳಿಯ ಒಳಗೆ 1 ಟಿಬಿ ಮಾಡ್ಬೇಕು ಅಂತ ಅವರ ಲೆಕ್ಕದ ಪುಸ್ತಕದಲ್ಲೇ ಬರೆಸಿ ಮಲಗಿದೆ.